ಒಬ್ಬೊಬ್ಬರೇ ಬನ್ನಿ

ಶಂಕರಪುರಂ, ಬೆಂಗಳೂರು
ಏಪ್ರಿಲ್ 2, 1985

ಚಿ. ಸೌ. ಅಂಜಮ್ಮಳಿಗೆ ನಿನ್ನ ದೊಡ್ಡಮ್ಮ ಲಕ್ಷ್ಮೀದೇವಮ್ಮನ ತುಂಬು ಮನಸ್ಸಿನ ಆಶೀರ್ವಾದ.

ನಿನ್ನ ಎರಡು ಕಾಗದಗಳೂ ಬಂದು ಮುಟ್ಟಿವೆ. ಉತ್ತರ ಬರೆಯಲು ಯುಗಾದಿ ಕಳೆಯಬೇಕಾಯಿತು, ಬೈಯಬೇಡ. ಕಾರ್ಪೊರೇಷನ್ ಶಾಲೆಯಲ್ಲಿ ಅಷ್ಟು ವರ್ಷ ಮಕ್ಕಳಿಗೆ ಕಾಗದ ಬರೆಯುವುದನ್ನು ಕಲಿಸಿದವಳೇ ಹೀಗೆ ತಡ ಮಾಡಿದಳಲ್ಲ ಎಂದು ನೀನು ನಗುತ್ತೀಯ, ಗೊತ್ತು. ನಗು. ಏಳನೇ ತಿಂಗಳಲ್ಲಿ ಬಸುರಿ ಹೆಂಗಸು ಎಷ್ಟು ನಕ್ಕರೂ ಒಳ್ಳೆಯದೇ. ಕಾಲು ಊದಿದೆ ಎಂದು ಬರೆದಿದ್ದೀಯ, ಉಪ್ಪು ಕಮ್ಮಿ ಮಾಡು, ಬಾರ್ಲಿ ನೀರು ಕುಡಿ. ಆ ನಿಮ್ಮ ಹನ್ನೊಂದನೇ ಮಹಡಿಯ ಮನೆಯಲ್ಲಿ ಬಗ್ಗಿ ಬಗ್ಗಿ ಕೆಳಗೆ ನೋಡಬೇಡ.

ನಿಮ್ಮಮ್ಮ, ನಮ್ಮ ಪಿಳ್ಳಮ್ಮ, ಆರೋಗ್ಯವಾಗಿದ್ದಾಳೆ. ನಮ್ಮಮ್ಮನ ವರ್ಷದ ತಿಥಿಗೆಂದು ಜನವರಿಯಲ್ಲಿ ಹಡಗಿನಲ್ಲಿ ಬಂದವಳು, ಹಡಗಿನಲ್ಲೇ ವಾಪಸು ಹೋಗುವುದು ಎಂದಿದ್ದಳು. ಈಗ ಹಡಗಿನ ಓಡಾಟವೇ ನಿಂತಿದೆ. ನಿನ್ನ ಹೆರಿಗೆ ಹೊತ್ತಿಗೆ ಅವಳು ಅಲ್ಲಿರಬೇಕಾದರೆ ವಿಮಾನವೇ ಗತಿ. ಹದಿನೆಂಟನೇ ತಾರೀಖಿಗೆ ಟಿಕೆಟ್ ಆಗಿದೆ, ಇಲ್ಲಿಂದ ಮದರಾಸು, ಅಲ್ಲಿಂದ ಸಿಂಗಪುರ. ಜೀವನದಲ್ಲಿ ಮೊದಲನೇ ಸಲ ವಿಮಾನ ಹತ್ತುತ್ತಿದ್ದಾಳೆ, ಅದೂ ಪರದೇಶದವಳಾಗಿ. ಹೊರಡುವ ಮುಂಚೆ ಪೊಲೀಸ್ ಕಮಿಷನರ್ ಆಫೀಸಿಗೆ ಹೋಗಿ ರಿಪೋರ್ಟ್ ಮಾಡಬೇಕಿತ್ತು. ಅಲ್ಲಿನ ಗುಮಾಸ್ತ, "ಇಂಡಿಯಾಕ್ಕೆ ಬಂದ ಉದ್ದೇಶ ಏನಮ್ಮಾ?" ಎಂದು ಕೇಳಿದ. ನಿಮ್ಮಮ್ಮನಿಗೆ ರೇಗಿಹೋಯಿತು. "ನಾನು ಹುಟ್ಟಿದ್ದು ಇಲ್ಲೇ ಶಂಕರಪುರದಲ್ಲಿ. ನಮ್ಮಪ್ಪ ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟಿದ್ರು. ಹುಟ್ಟಿದ ಮನೇಗೆ ಬರೋಕೂ ಉದ್ದೇಶ ಬೇಕಾ ಸ್ವಾಮಿ?" ಎಂದಳು. ಆತ ತಲೆ ಎತ್ತದೆ 'ಟೂರಿಸ್ಟ್' ಎಂದು ಬರೆದುಕೊಂಡ. ಅವತ್ತಿನಿಂದ ನಾನು ಅವಳನ್ನು ಟೂರಿಸ್ಟಮ್ಮ ಎಂದೇ ಕರೆಯುತ್ತಿದ್ದೇನೆ.

ನಮ್ಮ ಪಕ್ಕದ ಮನೆ ಮುನಿರಾಮಪ್ಪ ಮೂರನೇ ಕ್ಲಾಸಿನಲ್ಲಿ ಮಗ್ಗಿ ಬಾರದೆ ನನ್ನ ಕೈಲಿ ಬೆಂಚಿನ ಮೇಲೆ ನಿಲ್ಲಿಸಿಕೊಂಡವನು. ಈಗ ಕಾನ್‌ಸ್ಟೇಬಲ್, ಡ್ಯೂಟಿ ವಿಮಾನ ನಿಲ್ದಾಣದಲ್ಲಿ. "ಮಿಸ್ಸು, ಹೈಜಾಕ್ ಆದಾಗಿಂದ ಭಾಳ ಸ್ಟ್ರಿಕ್ಟು. ಇವರದ್ದು ಫಾರಿನ್ ಪಾಸ್‌ಪೋರ್ಟ್ ಬೇರೆ, ಜಾಸ್ತಿನೇ ನೋಡ್ತಾರೆ. ಅಲ್ಲಿ ಬಂದು ಗಾಬರಿ ಬೀಳೋದು ಬೇಡ, ಮನೇಲೇ ಒಂದ್ಸಲ ಪ್ರಾಕ್ಟೀಸ್ ಮಾಡಿಸ್ಬಿಡ್ತೀನಿ" ಎಂದ. ಭಾನುವಾರ ಬೆಳಿಗ್ಗೆ ನಮ್ಮ ನಡುಮನೆಯೇ ಏರ್‌ಪೋರ್ಟ್ ಆಯಿತು. ಬಾಗಿಲ ಚೌಕಟ್ಟೇ ಲೋಹ ಹುಡುಕುವ ಮಿಷನ್ನು. ನನ್ನ ಲಟ್ಟಣಿಗೆಯೇ ಅವನ ಕೈಲಿರುವ ಇನ್ನೊಂದು ಮಿಷನ್ನು. ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಒಬ್ಬೊಬ್ರೇ ಬನ್ನಿ, ಹಿಂದಿನವರು ಗೆರೆ ದಾಟ್ಬಾರ್ದು" ಎಂದು ನನಗೇ ಗದರಿದ. ಬೆಂಚಿನ ಮೇಲೆ ನಿಂತ ಸೇಡು ತೀರಿಸಿಕೊಂಡ ಎನ್ನು.

"ಬ್ಯಾಗ್ ಯಾರು ಪ್ಯಾಕ್ ಮಾಡಿದ್ದು?" ಎಂದು ಕೇಳಿದ.

"ಅಕ್ಕ" ಎಂದಳು ನಿಮ್ಮಮ್ಮ.

"ಹಂಗನ್ಬೇಡಿ ತಾಯಿ. ನಿಮ್ಮ ಬ್ಯಾಗ್ ನೀವೇ ಪ್ಯಾಕ್ ಮಾಡ್ಬೇಕು. ಬೇರೆ ಯಾರಾದ್ರೂ ಏನಾದ್ರೂ ಕೊಟ್ಟು ಕಳಿಸಿದಾರಾ?"

"ಇಡೀ ಬೀದಿನೇ ಕೊಟ್ಟಿದೆಯಲ್ಲಪ್ಪಾ!"

ನಿಜ. ನರಸಮ್ಮನ ಹುಳಿಪುಡಿ, ಎದುರು ಮನೆಯವರ ಸಂಡಿಗೆ, ಯಾರ ಮಗನಿಗೋ ಒಂದು ಹೊಲಿದ ಪೊಟ್ಟಣ. ಒಳಗೆ ಏನಿದೆ ಎಂದು ನಮಗೇ ಗೊತ್ತಿಲ್ಲ. ಅದನ್ನೆಲ್ಲ ಹಿಂದಕ್ಕೆ ಕೊಟ್ಟು ನಾನು ನಾಲ್ಕು ಮನೆಯವರ ಕೆಂಗಣ್ಣಿಗೆ ಗುರಿಯಾದೆ. ಟಾರ್ಚಿನ ಬ್ಯಾಟರಿ ತೆಗೆಯಬೇಕಂತೆ. ತೆಂಗಿನಕಾಯಿ ಬೇಡವಂತೆ. ಮುನಿರಾಮಪ್ಪ ಬ್ಯಾಗಿನೊಳಗೆ ಕೈ ಹಾಕಿ ಒಂದೊಂದೇ ತೆಗೆಯುತ್ತ ತಳದಿಂದ ಒಂದು ಮರದ ಕುದುರೆ ತೆಗೆದ. ಗೇಣುದ್ದದ್ದು, ಬಣ್ಣ ಹೋದದ್ದು. "ಇದು ಯಾವ ಮಗೂದು?" ಎಂದ. ನಿಮ್ಮಮ್ಮ ನನ್ನ ಮುಖ ನೋಡಿ, "ಅಂಜು ಮಗೂಗೆ ಅಂತ ಇಟ್ಟೆಯಾ ಅಕ್ಕ?" ಎಂದಳು. ನಾನು ಇಟ್ಟಿರಲಿಲ್ಲ. ಅದನ್ನು ತೆಗೆದು ಮತ್ತೆ ಗೋಡೆಯ ಗೂಡಿನಲ್ಲಿಟ್ಟೆ. ಅವಳಿಗೆ ಆ ಕುದುರೆ ಗುರುತು ಸಿಗದಿದ್ದುದು ಆಶ್ಚರ್ಯವಲ್ಲ, ಅದನ್ನು ನಾನು ಗಾಂಧಿ ಬಜಾರಿನಲ್ಲಿ ಕೊಂಡಿದ್ದು ಅವಳು ಹಡಗು ಹತ್ತಿ ಹೋದ ಮೇಲೆ.

ಆಮೇಲೆ ಲಟ್ಟಣಿಗೆಯ ಸರದಿ. ಬಳೆಗೊಂದು ಸಲ, ಪಿನ್ನಿಗೊಂದು ಸಲ ಬಾಯಲ್ಲೇ "ಪೀಂ" ಎನ್ನುತ್ತ ಬಂದವನು ನಿಮ್ಮಮ್ಮನ ಸೊಂಟದ ಹತ್ತಿರ ನಿಂತ. ಲಟ್ಟಣಿಗೆ ಯಾವುದೋ ಗಟ್ಟಿ ವಸ್ತುವಿಗೆ ಟಕ್ ಎಂದು ತಗುಲಿತು. ನಿಮ್ಮಮ್ಮನ ಮುಖ ಬಿಳಿಚಿಕೊಂಡಿತು.

ಅಂಜು, ಈಗ ಬರೆಯುವುದನ್ನು ನೀನೊಬ್ಬಳೇ ಓದು. ನಿಮ್ಮಮ್ಮ ನಿನಗೆ ಹೇಳಿಲ್ಲ, ಹೇಳುವುದೂ ಇಲ್ಲ. ನಿನಗಿಂತ ಮುಂಚೆ ಅವಳಿಗೊಬ್ಬ ಮಗನಿದ್ದ. ಮರಿಯಣ್ಣ ಅಂತ ಹೆಸರು, ನಾವು ಮರಿ ಎನ್ನುತ್ತಿದ್ದೆವು. ನಿಮ್ಮಪ್ಪ ಆಗಲೇ ಸಿಂಗಪುರಕ್ಕೆ ಕೆಲಸಕ್ಕೆ ಹೋಗಿಯಾಗಿತ್ತು, ತಾಯಿ ಮಗ ಇಬ್ಬರೂ ಇದೇ ಮನೆಯಲ್ಲಿದ್ದರು. ಮೂರು ವರ್ಷದ ಹುಡುಗ ಜ್ವರ ಬಂದು ಇದೇ ನಡುಮನೆಯಲ್ಲಿ ಹೋಗಿಬಿಟ್ಟ. ಅದಾದ ಕೆಲವೇ ತಿಂಗಳಿಗೆ, ಐವತ್ತೇಳರಲ್ಲಿ, ನಿಮ್ಮಮ್ಮ ಹಡಗು ಹತ್ತಿದಳು. ಹೊರಡುವ ದಿನ ನಮ್ಮಮ್ಮ ಊರಿನ ಕುಡುಗೋಲಿನ ಮುರಿದ ತುದಿಯನ್ನು ಬಟ್ಟೆಯಲ್ಲಿ ಹೊಲಿದು ಅವಳ ಸೊಂಟದ ದಾರಕ್ಕೆ ಕಟ್ಟಿದರು. "ಎಳೇ ಮಗು, ಅಮ್ಮಾ ಅಂತ ಬೆನ್ನು ಹತ್ತಿ ಬರ್ತಾನೆ. ಮೈಮೇಲೆ ಕಬ್ಬಿಣ ಇದ್ರೆ ಹತ್ರ ಬರಲ್ಲ. ಯಾವತ್ತೂ ಬಿಚ್ಚಬೇಡ" ಎಂದರು. ಬಾಣಂತಿಯ ದಿಂಬಿನ ಕೆಳಗೆ ಚಾಕು ಇಡುತ್ತಾರಲ್ಲ, ಹಾಗೆ. ದಾರ ಎಷ್ಟೋ ಸಲ ಬದಲಾಗಿದೆ. ಕಬ್ಬಿಣ ಇವತ್ತಿಗೂ ಅಲ್ಲೇ ಇದೆ.

ಮುನಿರಾಮಪ್ಪ ಖಡಾಖಂಡಿತವಾಗಿ ಹೇಳಿದ. "ಮೈಮೇಲೆ ಅಂತೂ ಸಾಧ್ಯನೇ ಇಲ್ಲ. ಪರದೆ ಹಿಂದೆ ಲೇಡಿ ಕಾನ್‌ಸ್ಟೇಬಲ್ ಕೈಯಿಟ್ಟು ನೋಡ್ತಾರೆ. ದೊಡ್ಡ ಪೆಟ್ಟಿಗೇಲಿ ಹಾಕಿದ್ರೂ ಕತ್ತಿ ತುಂಡು ಯಾಕೆ ಅಂತ ಮದ್ರಾಸಲ್ಲಿ ಕೂರಿಸ್ಕೋತಾರೆ. ಇಲ್ಲೇ ಬಿಟ್ಟು ಹೋಗಿ ತಾಯಿ." ನಿಮ್ಮಮ್ಮ ಆಗುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾಳೆ. ಟಿಕೆಟ್ಟನ್ನೇ ವಾಪಸು ಮಾಡು ಎನ್ನುತ್ತಾಳೆ. ಅವಳು ಬಾರದಿದ್ದರೆ ನಿನ್ನ ಬಾಣಂತನ ನೋಡುವವರು ಯಾರು? ನಿನ್ನ ಅತ್ತೆಗೆ ಮಂಡಿನೋವು. ಆದ್ದರಿಂದ ನೀನೇ ಅವಳಿಗೊಂದು ಕಾಗದ ಹಾಕು. ಕಬ್ಬಿಣದ ಮಾತು ಎತ್ತಬೇಡ, ಭಯವಾಗುತ್ತಿದೆ, ಬೇಗ ಬಾ ಎಂದಷ್ಟೇ ಬರೆ.

ಊಟ ನಿದ್ದೆ ಸರಿಯಾಗಿರಲಿ. ಹುಟ್ಟುವ ಕಂದನಿಗೆ ಈಗಲೇ ನನ್ನದೊಂದು ಮುತ್ತು.

ಇತಿ ನಿನ್ನ ದೊಡ್ಡಮ್ಮ,
ಲಕ್ಷ್ಮೀದೇವಮ್ಮ

ತಾ.ಕ.: ನಡುಮನೆ ಕಿಟಕಿಯಲ್ಲಿ ದಿನಾ ಒಂದು ಪುಟ್ಟ ಲೋಟದಲ್ಲಿ ಹಾಲಿಡುವುದು ನನ್ನ ಅಭ್ಯಾಸ. ಬೆಕ್ಕಿಗೆ ಅಂದುಕೊಂಡಿದ್ದಾರೆ ಜನ. ನಿಮ್ಮಮ್ಮ ಬಂದಾಗಿನಿಂದ ಹಾಲು ಹಾಗೇ ಕೆನೆಗಟ್ಟಿ ಉಳಿಯುತ್ತಿದೆ. "ಯಾವ ಬೆಕ್ಕು ಅಕ್ಕ, ನಾನು ಒಂದಿನಾನೂ ನೋಡ್ಲಿಲ್ಲ" ಎಂದಳು. ನಿನ್ನ ಕಂಡರೆ ಅದಕ್ಕೆ ಭಯ ಎಂದೆ.

ಶಂಕರಪುರಂ, ಬೆಂಗಳೂರು
ಮೇ 6, 1985

ಚಿ. ಸೌ. ಅಂಜಮ್ಮಳಿಗೆ ದೊಡ್ಡಮ್ಮನ ಆಶೀರ್ವಾದ.

'ನಾವೆಲ್ಲ ಇಲ್ಲಿ ಕ್ಷೇಮ' ಎಂದು ಶುರು ಮಾಡಬೇಕೆಂದು ನಾನೇ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಇವತ್ತು 'ನಾವೆಲ್ಲ' ಎಂದು ಬರೆಯಲು ಕೈ ಬರಲಿಲ್ಲ. ತಡವಾಗಿದ್ದಕ್ಕೂ ಅದೇ ಕಾರಣ. ನಿನ್ನ ಕಾಗದ ಬಂದು ವಾರವಾಯಿತು. ಅಮ್ಮ ಸುಖವಾಗಿ ಬಂದು ತಲುಪಿದಳು ಎಂದು ಓದಿ ಸಮಾಧಾನವಾಯಿತು. ಅದರ ಕೆಳಗಿನದ್ದನ್ನು ಓದಿ ಕನ್ನಡಕ ತೆಗೆದಿಟ್ಟು ಕೂತೆ.

ನೀನು ಬರೆದಿದ್ದೀಯ, ಅಮ್ಮ ಲಿಫ್ಟಿನಿಂದ ತಾನು ಇಳಿದ ಮೇಲೂ ಗುಂಡಿ ಒತ್ತಿ ಹಿಡಿದು ಬಾಗಿಲು ಮುಚ್ಚದ ಹಾಗೆ ನಿಂತಿರುತ್ತಾಳೆ, ಯಾರಿಗಮ್ಮಾ ಕಾಯ್ತಿದೀಯ ಅಂದರೆ ಅವಳಿಗೇ ಗೊತ್ತಿಲ್ಲ ಎಂದು. ದಾರಿಯಲ್ಲಿ ಮೊದಲಿನ ಹಾಗೆ ಬಿರಬಿರನೆ ನಡೆಯುವುದಿಲ್ಲ, ಮಂಡಿನೋವೂ ಇಲ್ಲವಂತೆ ಎಂದು. ವಯಸ್ಸಾಯಿತೇನೋ, ಡಾಕ್ಟರಿಗೆ ತೋರಿಸಲೇ ಎಂದು ಕೇಳಿದ್ದೀಯ. ಡಾಕ್ಟರು ಬೇಡ ಮಗಳೆ. ಅವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿನ್ನ ಕಾಗದ ಕೆಲಸ ಮಾಡಿತು. ಬೇಗ ಬಾ ಎಂದು ನೀನು ಬರೆದದ್ದನ್ನು ನೋಡಿದ ಮೇಲೆ ನಿಮ್ಮಮ್ಮ ಮೆತ್ತಗಾದಳು. ಆದರೂ ಹೊರಡುವ ದಿನದವರೆಗೂ ಬಿಚ್ಚಲಿಲ್ಲ. ಅವತ್ತು ಬೆಳಿಗ್ಗೆ ಸ್ನಾನ ಮಾಡಿಕೊಂಡು ಬಂದು ನನ್ನ ಮುಂದೆ ನಿಂತು, "ನೀನೇ ತೆಗಿ ಅಕ್ಕ, ನನ್ನ ಕೈಲಾಗಲ್ಲ" ಎಂದಳು. ದಾರ ನೆನೆದು ಗಂಟು ಬಿಗಿದಿತ್ತು. ಹಲ್ಲಿನಲ್ಲಿ ಕಚ್ಚಿ ಬಿಡಿಸಿದೆ. ಆ ತುಂಡು ನನ್ನ ಅಂಗೈಗೆ ಬಿತ್ತು, ಅವಳ ಮೈ ಕಾವು ಇನ್ನೂ ಅದರಲ್ಲಿತ್ತು. ಸೊಂಟದ ಮೇಲೆ ಅದೇ ಆಕಾರದ ಕಪ್ಪು ಮಚ್ಚೆ ಉಳಿದಿದೆ.

ನಾನು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಟ್ಯಾಕ್ಸಿ ಬಂತೇನೋ ನೋಡುತ್ತೇನೆ ಎಂದು ಗೇಟಿನ ಹತ್ತಿರ ಹೋದೆ. ಟ್ಯಾಕ್ಸಿಗೆ ಇನ್ನೂ ಹೊತ್ತಿತ್ತು. ಬೇಕೆಂದೇ ಹೋದೆ. ಅಷ್ಟು ವರ್ಷಗಳಲ್ಲಿ ಮೊದಲನೇ ಸಲ ನಿಮ್ಮಮ್ಮ ಮೈಮೇಲೆ ಕಬ್ಬಿಣವಿಲ್ಲದೆ ಆ ನಡುಮನೆಯಲ್ಲಿ ಒಬ್ಬಳೇ ಇದ್ದಳು. ಕಣ್ತುಂಬ ನೋಡಿಕೊಳ್ಳಲಿ ಎನ್ನಿಸಿತು ನನಗೆ. ಯಾರು ಎಂದು ನೀನು ಕೇಳುವುದಿಲ್ಲ, ನೀನು ಜಾಣೆ.

ಒಳಗಿನಿಂದ ನಿಮ್ಮಮ್ಮ "ಯಾರು?" ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ಅಕ್ಕ, ನನ್ನ ಸೆರಗು ಯಾರೋ ಎಳೆದಂಗಾಯ್ತು" ಎಂದಳು.

"ಬಾಗಿಲ ಮೊಳೆಗೆ ಸಿಕ್ಕಿರುತ್ತೆ ಬಿಡೆ" ಎಂದೆ.

ಟ್ಯಾಕ್ಸಿಯಲ್ಲಿ ಅವಳು ಕಿಟಕಿ ಪಕ್ಕ ಕೂರಲಿಲ್ಲ, ನನ್ನ ಕಡೆಗೆ ಸರಿದು ನಡುವೆ ಕೂತಳು. ಅಗಲುವ ಹೊತ್ತು, ಅಕ್ಕನಿಗೆ ಅಂಟಿಕೊಂಡು ಕೂತಿದ್ದಾಳೆ ಎಂದುಕೊಂಡೆ. ಅವಳ ಆಚೆ ಪಕ್ಕದ ಜಾಗ ಖಾಲಿ ಇತ್ತು. ಆಗ ನನಗೆ ಅದು ಖಾಲಿ ಜಾಗ, ಅಷ್ಟೇ.

ವಿಮಾನ ನಿಲ್ದಾಣದಲ್ಲಿ ಕಳಿಸಲು ಬಂದವರನ್ನು ಒಂದು ಬಾಗಿಲಿನಾಚೆ ಬಿಡುವುದಿಲ್ಲ. ಕಾಲಿಗೆ ನಮಸ್ಕಾರ ಮಾಡಿ ಹೋದಳು. ನಾನು ಹೊರಗಡೆ ಕಂಬಿ ಹಿಡಿದು ನಿಂತೆ. ಅಲ್ಲಿಂದ ವಿಮಾನ ಕಾಣುತ್ತದೆ, ಜನ ನಡೆದುಹೋಗಿ ಹತ್ತುವುದೂ ಕಾಣುತ್ತದೆ. ಒಳ್ಳೆಯ ಬಿಸಿಲಿತ್ತು, ನನ್ನ ಕಣ್ಣು ಚೆನ್ನಾಗಿದೆ, ಇದನ್ನು ಮರೆಯಬೇಡ. ಬಂದರು. ನಿಮ್ಮಮ್ಮನ ಬಲಗೈಯಲ್ಲಿ ಬ್ಯಾಗಿತ್ತು. ಎಡಗೈಯನ್ನು ಸ್ವಲ್ಪ ಪಕ್ಕಕ್ಕೆ ಇಳಿಬಿಟ್ಟು, ಆ ಕಡೆಯ ಭುಜ ತಗ್ಗಿಸಿ, ನಿಧಾನವಾಗಿ ನಡೆಯುತ್ತಿದ್ದಳು. ಹಿಂದಿದ್ದವರೆಲ್ಲ ಅವಳನ್ನು ದಾಟಿ ಹೋದರು. ಮೆಟ್ಟಿಲ ಹತ್ತಿರ ಬಂದವಳು ಒಂದು ಮೆಟ್ಟಿಲು ಹತ್ತುವುದು, ನಿಲ್ಲುವುದು, ಮತ್ತೆ ಒಂದು ಹತ್ತುವುದು. ಪುಟ್ಟ ಮಕ್ಕಳು ಎರಡೂ ಕಾಲು ಒಂದೇ ಮೆಟ್ಟಿಲ ಮೇಲಿಟ್ಟು ಆಮೇಲೆ ಮುಂದಿನದಕ್ಕೆ ಹೋಗುತ್ತಾರಲ್ಲ, ಅಷ್ಟು ಹೊತ್ತು. ಮೇಲೆ ಬಾಗಿಲಲ್ಲಿದ್ದ ಹುಡುಗಿ ನಿಮ್ಮಮ್ಮನಿಗೆ ಕೈಮುಗಿದಳು. ಆಮೇಲೆ ಬಗ್ಗಿ, ಕೆಳಗೆ ನೋಡಿ ನಕ್ಕು, ಇನ್ನೊಂದು ಸಲ ಕೈಮುಗಿದಳು.

ನಾನು ಕೂಗಿದೆ. ಏನೆಂದು ಕೂಗಿದೆನೋ, ಆ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

ಸಾಯಂಕಾಲ ಮುನಿರಾಮಪ್ಪ ಡ್ಯೂಟಿ ಮುಗಿಸಿಕೊಂಡು ನಗುತ್ತ ಬಂದ. "ಪ್ರಾಕ್ಟೀಸ್ ಮಾಡ್ಸಿದ್ದು ಒಳ್ಳೇದಾಯ್ತು ಮಿಸ್ಸು, ಪಿಳ್ಳಮ್ಮೋರು ಒಂದೂ ತಪ್ಪಿಲ್ದೆ ಉತ್ತರ ಹೇಳಿದ್ರು. ನಮ್ಮ ಲೇಡಿ ಕಾನ್‌ಸ್ಟೇಬಲ್ಲೇ ಎಡವಟ್ಟು ಮಾಡ್ಕೊಂಡ್ಳು. ಆ ಸಿಂಗಪುರದಮ್ಮ ಮಗೂ ಕೈನೇ ಬಿಡ್ತಿಲ್ಲ, ಒಬ್ಬೊಬ್ರೇ ಬನ್ನಿ ಅಂತ ಎಷ್ಟು ಸಲ ಹೇಳೋದು ಅಂತಾಳೆ! ಯಾವ ಮಗು ಅಂದ್ರೆ, ಬ್ಯಾಗಲ್ಲಿ ಕುದುರೆ ಸಿಕ್ತಲ್ಲ, ಅದನ್ನ ಇಸ್ಕೊಂಡು ಹೋದ್ನಲ್ಲ, ಆ ಮಗು ಅಂತಾಳೆ. ಬೋರ್ಡಿಂಗ್ ಕಾರ್ಡ್ ನೋಡಿದ್ರೆ ಒಂದೇ. ಬೆಳಿಗ್ಗೆ ಏನೂ ತಿನ್ನದೆ ಬಂದಿರ್ತಾಳೆ, ತಲೆ ತಿರುಗಿರುತ್ತೆ."

ನಾನು ನಡುಮನೆಗೆ ಹೋಗಿ ನೋಡಿದೆ. ಗೂಡಿನಲ್ಲಿ ಕುದುರೆ ಇರಲಿಲ್ಲ.

ಈಗ ನಿನಗೆ ಅರ್ಥವಾಗಿರಬೇಕು. ಲಿಫ್ಟಿನ ಹತ್ತಿರ ನಿಮ್ಮಮ್ಮನನ್ನು ಬೈಯಬೇಡ, ಅವಳಿಗೆ ಈ ಯಾವುದೂ ಗೊತ್ತಿಲ್ಲ. ಆದರೆ ನೀನು ಇನ್ನೊಂದು ತಿಂಗಳಿಗೆ ಹೆರುವವಳು. ಹೆರಿಗೆ ಮನೆಯಲ್ಲಿ ಕಬ್ಬಿಣವಿಲ್ಲದೆ ಇರುವುದು ಸರಿಯಲ್ಲ, ನಮ್ಮಮ್ಮ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದರು. ಆ ಕುಡುಗೋಲಿನ ತುಂಡನ್ನು ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಹೊಲಿದು, ನಾಳೆ ರಿಜಿಸ್ಟರ್ ಪಾರ್ಸೆಲ್ ಮಾಡುತ್ತೇನೆ. ಬಂದ ಕೂಡಲೇ ದಿಂಬಿನ ಕೆಳಗೆ ಇಟ್ಟುಕೋ. ಅದು ಬರುವವರೆಗೆ ಒಂದು ಚಾಕು ಇರಲಿ. ಹೊಸ್ತಿಲಿಗೂ ಒಂದು ಮೊಳೆ ಹೊಡೆಸು, ನಿಮ್ಮಮ್ಮನ ಹಾಸಿಗೆಗೂ ಏನಾದರೂ ಸೇರಿಸು. ಅವಳು ಕೇಳಿದರೆ ಬಾಣಂತನದ ಶಾಸ್ತ್ರ ಎನ್ನು, ನಂಬುತ್ತಾಳೆ.

ಹೆದರಬೇಡ. ನಿನಗೆ ಸುಖವಾಗಿ ಹೆರಿಗೆಯಾಗಲಿ, ಮಡಿಲು ತುಂಬಲಿ, ಮಗು ನೂರು ಕಾಲ ಬಾಳಲಿ. ನಿನ್ನ ಯಜಮಾನರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು.

ಇತಿ,
ದೊಡ್ಡಮ್ಮ

ತಾ.ಕ.: ಕಾಗದ ಮಡಿಚಿ ಅಂಟು ಹಚ್ಚುವ ಮುಂಚೆ ಮತ್ತೆ ಬಿಚ್ಚಿದ್ದೇನೆ. ಅಂಜು, ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಮರಿ ಯಾರಿಗೂ ಕೇಡು ಮಾಡುವ ಹುಡುಗನಲ್ಲ. ನಿನ್ನ ಮಗುವನ್ನು ಆಡಿಸುತ್ತಾನೆಯೇ ಹೊರತು ಅಳಿಸುವುದಿಲ್ಲ. ನನಗೆ ಹೇಗೆ ಗೊತ್ತು ಎಂದರೆ, ನನಗಲ್ಲದೆ ಇನ್ನು ಯಾರಿಗೆ ಗೊತ್ತಿರಬೇಕು? ನಿಮ್ಮಮ್ಮ ಹಡಗು ಹತ್ತಿದ ಮೇಲೆ ಅಮ್ಮಾ ಅಮ್ಮಾ ಎಂದು ಮನೆಯೆಲ್ಲ ಹುಡುಕಿ ಸುಸ್ತಾದವನನ್ನು ಕರೆದು ಹಾಲಿಟ್ಟವಳು ನಾನು. ಕುದುರೆ ತಂದುಕೊಟ್ಟವಳು ನಾನು. ಮದುವೆ ಮಾಡಿಕೋ ಎಂದು ಬಂದವರನ್ನು ವಾಪಸು ಕಳಿಸಿದ್ದೂ ಇದಕ್ಕೇ, ಬೇರೆ ಮನೆಗೆ ಹೋದರೆ ಇವನನ್ನು ನೋಡುವವರು ಯಾರು ಎಂದು. ಈಳಿಗೆ ಮಣೆ ಇದ್ದದ್ದರಿಂದ ಅಡುಗೆ ಮನೆಗೆ ಬರುತ್ತಿರಲಿಲ್ಲ. ಹೊಸ್ತಿಲನ್ನು ಒಂದು ದಿನವೂ ದಾಟಿದವನಲ್ಲ. ಅದೇ ಧೈರ್ಯದ ಮೇಲೆ ಅವತ್ತು ಗೇಟಿಗೆ ಹೋದೆ, ನೋಡಿಕೊಂಡು ಸುಮ್ಮನಾಗುತ್ತಾನೆ, ನನ್ನ ಹತ್ತಿರವೇ ಇರುತ್ತಾನೆ ಎಂದುಕೊಂಡೆ. ತಿರುಗಿಯೂ ನೋಡದೆ ಹೋದ.

ನಿಮ್ಮಮ್ಮನಿಗೆ ಅವನು ಮೂರು ವರ್ಷದ ಮಗ. ನನಗೆ ಇಪ್ಪತ್ತೆಂಟು ವರ್ಷದ ಮಗ. ಇದನ್ನು ಅವಳಿಗೆ ಹೇಳಬೇಡ.

ಕಬ್ಬಿಣ ತಪ್ಪದೆ ಇಡು. ನಿನಗೆ ಭಯ ಎಂದಲ್ಲ. ಅಲ್ಲಿ ಎಲ್ಲಿಯೂ ಕೂರಲು ಜಾಗವಿಲ್ಲದಿದ್ದರೆ ಅವನಿಗೆ ಈ ಮನೆಯ ನೆನಪಾದೀತು. ಇಲ್ಲಿ ಈಗ ಕಬ್ಬಿಣ ಎಂಬುದೇ ಇಲ್ಲ. ಈಳಿಗೆ ಮಣೆ, ಬಾಣಲೆ, ಕತ್ತರಿ ಎಲ್ಲ ನರಸಮ್ಮನಿಗೆ ಕೊಟ್ಟುಬಿಟ್ಟೆ. ಬಾಗಿಲ ಮೊಳೆ ಕೀಳಿಸಿದೆ. ಉಳಿದಿರುವುದು ಈ ಒಂದು ತುಂಡು, ನಾಳೆ ಅದೂ ಹೋಗುತ್ತದೆ. ಹುರುಳಿಕಾಯಿ ಕೈಯಲ್ಲೇ ಮುರಿದುಕೊಳ್ಳುತ್ತೇನೆ.

ಹಾಲು ದಿನಾ ಇಡುತ್ತಿದ್ದೇನೆ. ಕೆನೆಗಟ್ಟಿ ಹಾಗೇ ಇರುತ್ತದೆ.